ಜೆಲ್‌ನಲ್ಲಿ ಪಟ್ಟಿ ದಪ್ಪ, ಕಿಣ್ವದ ಕೆಲಸ ಸೊನ್ನೆ: ತೆಂಗಿನ ಮನ್ನನೇಸ್ ಎಲ್ಲಿ ಕೈಕೊಡುತ್ತಿದೆ?

ಪ್ರಶ್ನೆ: ಬದಿಯಡ್ಕ ಕಡೆಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿವಿಜ್ಞಾನ ಕಲಿಸುತ್ತೇನೆ. ಇಲ್ಲಿನ ರೈತರ ಗುಂಪೊಂದು ವರ್ಜಿನ್ ತೆಂಗಿನೆಣ್ಣೆ ತಯಾರಿಸುತ್ತಿದೆ. ತುರಿಯಿಂದ ಎಣ್ಣೆ ಇನ್ನಷ್ಟು ಬಿಡಲಿ ಎಂದು ಮನ್ನನೇಸ್ ಕಿಣ್ವ (ತೆಂಗಿನ ನಾರಿನಲ್ಲಿರುವ ಮನ್ನಾನ್ ಎಂಬ ಸಕ್ಕರೆ ಸರಪಳಿಯನ್ನು ತುಂಡರಿಸುವಂಥದ್ದು) ಬಳಸುವ ಯೋಚನೆ. ಕೊಬ್ಬರಿ ಅಟ್ಟದ ಧೂಳಿನಿಂದ ಬ್ಯಾಸಿಲಸ್ ಸಬ್ಟಿಲಿಸ್ ಎಂದು ತೋರುವ ತಳಿಯೊಂದನ್ನು ಬೇರ್ಪಡಿಸಿದೆವು. ಪ್ಲೇಟಿನಲ್ಲಿ ಕಾಂಗೋ ರೆಡ್ ಬಣ್ಣ ಹಾಕಿದರೆ ಒಳ್ಳೆಯ ತಿಳಿ ವಲಯ ಕಾಣುತ್ತದೆ. ಅದರ ಮನ್ನನೇಸ್ ಜೀನನ್ನು ಪೂರ್ತಿಯಾಗಿ ಪಿಸಿಆರ್ ವಿಧಾನದಲ್ಲಿ ನಕಲಿಸಿ, ಪಿಇಟಿ-28ಎ ಪ್ಲಾಸ್ಮಿಡ್‌ನ (ಜೀನ್ ಹೊರುವ ಉಂಗುರದ ಡಿಎನ್‌ಎ) ಎನ್‌ಡಿಇ-1 ಮತ್ತು ಎಕ್ಸ್‌ಎಚ್‌ಒ-1 ಎಂಬ ಕತ್ತರಿಸುವ ತಾಣಗಳ ನಡುವೆ ಕೂರಿಸಿ, ಇ. ಕೋಲೈ ಬಿಎಲ್21-ಡಿಇ3 ತಳಿಗೆ ಸೇರಿಸಿದೆವು. 37 ಡಿಗ್ರಿಯಲ್ಲಿ ಜೀನನ್ನು ಚಾಲೂ ಮಾಡುವ ಐಪಿಟಿಜಿ ಎಂಬ ರಾಸಾಯನಿಕವನ್ನು 1 ಮಿಲಿಮೋಲಾರ್ ಕೊಟ್ಟು 4 ಗಂಟೆ ಬೆಳೆಸಿದರೆ, ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಎಸ್‌ಡಿಎಸ್ ಜೆಲ್‌ನಲ್ಲಿ 40 ಕಿಲೋಡಾಲ್ಟನ್ ಹತ್ತಿರ ಹೆಬ್ಬೆರಳಿನಷ್ಟು ದಪ್ಪ ಪಟ್ಟಿ. ಆದರೆ ಕಿಣ್ವ ಬಿಡಿಸಿದ ಸಕ್ಕರೆಯನ್ನು ಅಳೆಯುವ ಡಿಎನ್‌ಎಸ್ ಪರೀಕ್ಷೆಯಲ್ಲಿ ಏನೂ ಇಲ್ಲ. ಪಿಚಿಯಾ ಯೀಸ್ಟಿಗೆ ಹೋಗಬೇಕೆ? ಇದೇ ದಾರಿಯಲ್ಲಿ ಮುಂದೆ ವೆನಿಲ್ಲಾದ ಪರಿಮಳ ಕೊಡುವ ವೆನಿಲಿನ್ ಕೂಡ ತಯಾರಿಸಬಹುದೆ?

ಉತ್ತರ: ಪಟ್ಟಿ ಹೇಳುವುದು ಪ್ರೋಟೀನ್ ಉಂಟು ಎಂದಷ್ಟೇ. ಅದು ಸರಿಯಾಗಿ ಮಡಚಿಕೊಂಡಿದೆಯೇ ಎಂಬುದನ್ನು ಎಸ್‌ಡಿಎಸ್ ಜೆಲ್ ಹೇಳಲಾರದು, ಏಕೆಂದರೆ ಎಸ್‌ಡಿಎಸ್‌ನ ಕೆಲಸವೇ ಮಡಿಕೆ ಬಿಚ್ಚುವುದು. ನಿಮ್ಮ ವಿವರದಲ್ಲಿ ಮೂರು ಕಡೆ ಅನುಮಾನ ಬರುತ್ತದೆ: ಜೀನನ್ನು 'ಪೂರ್ತಿಯಾಗಿ' ತೆಗೆದದ್ದು, 37 ಡಿಗ್ರಿ, ಮತ್ತು 1 ಮಿಲಿಮೋಲಾರ್. ಯೀಸ್ಟಿನ ಯೋಚನೆಗಿಂತ ಮೊದಲು ಇವನ್ನು ನೋಡೋಣ.

ಮೊದಲು ಪಟ್ಟಿ ಎಲ್ಲಿದೆ ಎಂದು ಪತ್ತೆ ಮಾಡಿ. 50 ಮಿ.ಲೀ. ಕಲ್ಚರನ್ನು 6,000 ಜಿ ವೇಗದಲ್ಲಿ 10 ನಿಮಿಷ ತಿರುಗಿಸಿ, ಸಿಕ್ಕಿದ ಕೋಶಗಳನ್ನು 5 ಮಿ.ಲೀ. ಬಫರಿನಲ್ಲಿ ಕದಡಿ. ಬಫರ್: 50 ಮಿಲಿಮೋಲಾರ್ ಫಾಸ್ಫೇಟ್, ಪಿಎಚ್ 8, 300 ಮಿಲಿಮೋಲಾರ್ ಉಪ್ಪು, 10 ಮಿಲಿಮೋಲಾರ್ ಇಮಿಡಜೋಲ್. ಮಿಲಿಲೀಟರಿಗೆ 1 ಮಿ.ಗ್ರಾಂ ಲೈಸೋಜೈಮ್ ಹಾಕಿ ಅರ್ಧ ಗಂಟೆ ಮಂಜಿನ ಮೇಲಿಡಿ. ಆಮೇಲೆ 10 ಸೆಕೆಂಡ್ ಸೋನಿಕೇಶನ್ (ಶಬ್ದದ ಅಲೆಗಳಿಂದ ಕೋಶ ಒಡೆಯುವುದು), 10 ಸೆಕೆಂಡ್ ವಿರಾಮ, ಹೀಗೆ ಎಂಟು ಹತ್ತು ಸುತ್ತು. ಈ ಹಂತದಲ್ಲಿ 'ಒಟ್ಟು' ಎಂದು 20 ಮೈಕ್ರೋಲೀಟರ್ ತೆಗೆದಿಡಿ. ಉಳಿದದ್ದನ್ನು 12,000 ಜಿಯಲ್ಲಿ 20 ನಿಮಿಷ ತಿರುಗಿಸಿ ಮೇಲಿನ ತಿಳಿಯಿಂದ 20 ಮೈಕ್ರೋಲೀಟರ್ ತೆಗೆಯಿರಿ. ತಳದ ಗಸಿಯನ್ನು ಮತ್ತೆ ಅದೇ 5 ಮಿ.ಲೀ. ಬಫರಿನಲ್ಲಿ ಕದಡಿ ಅದರಿಂದಲೂ 20. ಗಸಿಯನ್ನು ಕಡಿಮೆ ಬಫರಿನಲ್ಲಿ ಕದಡಿದರೆ ಆ ಸಾಲು ಸುಳ್ಳಾಗಿ ದಪ್ಪ ಕಾಣುತ್ತದೆ, ಹೋಲಿಕೆಯೇ ಕೆಡುತ್ತದೆ. ಕೋಶಗಳು ಸರಿಯಾಗಿ ಒಡೆಯದಿದ್ದರೂ ಪ್ರೋಟೀನೆಲ್ಲ ಗಸಿಯಲ್ಲೇ ಉಳಿಯುತ್ತದೆ. ಹಾಲಿನಂತಿದ್ದ ದ್ರವ ಸೋನಿಕೇಶನ್ ನಂತರ ತೆಳುವಾಗಿ ಪಾರದರ್ಶಕದತ್ತ ತಿರುಗಬೇಕು. ತಿರುಗದಿದ್ದರೆ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇಡೀ ಕೋಶಗಳು ಇನ್ನೂ ಕಾಣುತ್ತವೆಯೇ ಎಂದು.

ಬಹುಪಾಲು ಸಂಭವ, ನಿಮ್ಮ ಪಟ್ಟಿ ಗಸಿಯಲ್ಲಿರುತ್ತದೆ. ಅಂದರೆ ಪ್ರೋಟೀನ್ ಇನ್‌ಕ್ಲೂಷನ್ ಬಾಡಿಗಳಾಗಿ, ಮಡಚದೆ ಮುದ್ದೆಗಟ್ಟಿ ಕೂತಿದೆ. ಅದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬ್ಯಾಸಿಲಸ್ ಈ ಕಿಣ್ವವನ್ನು ಕೋಶದ ಹೊರಗೆ ಕಳಿಸುತ್ತದೆ. ಅದಕ್ಕಾಗಿ ಪ್ರೋಟೀನಿನ ತಲೆಯ ಭಾಗದಲ್ಲಿ ಸುಮಾರು 25 ಅಮೈನೋ ಆಮ್ಲಗಳ ಸಿಗ್ನಲ್ ಪೆಪ್ಟೈಡ್ ಇರುತ್ತದೆ. ಅದು ವಿಳಾಸದ ಚೀಟಿ ಇದ್ದಂತೆ. ಹೊರಗೆ ಹೋಗುವಾಗ ಕತ್ತರಿಸಿಹೋಗುತ್ತದೆ. ನೀವು ಜೀನನ್ನು ಮೊದಲಿನಿಂದ ಕೊನೆಯವರೆಗೆ ತೆಗೆದಾಗ ಚೀಟಿಯೂ ಜೊತೆಗೆ ಬಂತು. ಎನ್‌ಡಿಇ-1 ತಾಣದಲ್ಲಿ ಕೂರಿಸಿದ್ದರಿಂದ ಚೀಟಿಯ ಮುಂದೆ ಶುದ್ಧೀಕರಣಕ್ಕೆಂದು ಪ್ಲಾಸ್ಮಿಡ್‌ನಲ್ಲೇ ಇರುವ ಹಿಸ್ಟಿಡಿನ್ ಬಾಲ ಸೇರಿ ಇನ್ನೂ 20 ಅಮೈನೋ ಆಮ್ಲಗಳು ಅಂಟಿಕೊಂಡವು. ವಿಳಾಸದ ಮೇಲೆ ಕಾಗದ ಅಂಟಿಸಿದ ಹಾಗಾಯಿತು: ಇ. ಕೋಲೈನ ಸಾಗಣೆ ವ್ಯವಸ್ಥೆಗೆ ಅದು ಸರಿಯಾಗಿ ಓದಲು ಬರುವುದಿಲ್ಲ. ಕತ್ತರಿಸದೆ ಉಳಿದ ಚೀಟಿಯ ನಡುಭಾಗವೋ ನೀರನ್ನು ದೂರವಿಡುವ ಗುಣದ್ದು. ಹಾಗಾಗಿ ಒಂದು ಅಣು ಇನ್ನೊಂದಕ್ಕೆ ಅಂಟುತ್ತಾ ಹೋಗುತ್ತದೆ. ಅದರ ಮೇಲೆ 37 ಡಿಗ್ರಿಯಲ್ಲಿ ಟಿ7 ಪ್ರೊಮೋಟರ್ (ಪ್ಲಾಸ್ಮಿಡ್‌ನಲ್ಲಿ ಜೀನನ್ನು ಚಾಲೂ ಮಾಡುವ ಬಲವಾದ ಸ್ವಿಚ್) ಎಂದರೆ ಮದುವೆ ಮನೆಯ ಅಡುಗೆಯಂತೆ: ತಯಾರಾಗುವ ವೇಗಕ್ಕೆ ಬಡಿಸುವವರ ಕೈ ಸಾಲದು.

ಪರಿಹಾರ ಸುಲಭ. ಅನುಕ್ರಮವನ್ನು ಸಿಗ್ನಲ್‌ಪಿ ತಂತ್ರಾಂಶಕ್ಕೆ ಕೊಟ್ಟು ಎಲ್ಲಿ ಕತ್ತರಿಸುತ್ತದೆ ಎಂದು ನೋಡಿ. ಸಾಮಾನ್ಯವಾಗಿ ಅಲನಿನ್, ಯಾವುದೋ ಒಂದು, ಮತ್ತೆ ಅಲನಿನ್, ಈ ಮೂರರ ನಂತರ ತುಂಡಾಗುತ್ತದೆ. ಹೊಸ ಫಾರ್ವರ್ಡ್ ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಡಿಎನ್‌ಎ ತುಣುಕು) ಅಲ್ಲಿಂದ ಮುಂದಕ್ಕೆ ಆರಂಭವಾಗಲಿ. ಮೊದಲು ನಾಲ್ಕರಿಂದ ಆರು ಹೆಚ್ಚುವರಿ ಬೇಸ್‌ಗಳು (ತಾಣ ತುತ್ತತುದಿಯಲ್ಲಿದ್ದರೆ ಕತ್ತರಿ ಕಿಣ್ವಕ್ಕೆ ಹಿಡಿತ ಸಿಗದು), ಆಮೇಲೆ ಎನ್‌ಡಿಇ-1 ತಾಣ, ನಂತರ ಜೀನಿಗೆ ಕೂರುವ 18ರಿಂದ 22 ಬೇಸ್. ರಿವರ್ಸ್ ಪ್ರೈಮರ್ ಹಳೆಯದೇ ಸಾಕು, ಸ್ಟಾಪ್ ಕೋಡಾನ್ ಅದರಲ್ಲೇ ಇರಲಿ. ಅಂದರೆ ಹೊಸದಾಗಿ ತರಿಸಬೇಕಾದದ್ದು ಒಂದೇ ಪ್ರೈಮರ್.

ಪಿಸಿಆರ್‌ಗೆ ಸಾದಾ ಟ್ಯಾಕ್ ಪಾಲಿಮರೇಸ್ (ಡಿಎನ್‌ಎ ನಕಲಿಸುವ ಕಿಣ್ವ) ಬಳಸಿದ್ದರೆ ಈ ಸಲ ಬೇಡ. ಅದಕ್ಕೆ ತಿದ್ದುವ ಶಕ್ತಿ ಇಲ್ಲ. ಸುಮಾರು 1,100 ಬೇಸ್ ಜೋಡಿಯ ಜೀನನ್ನು 30 ಸುತ್ತು ನಕಲಿಸಿದರೆ ಹಲವು ಪ್ರತಿಗಳಲ್ಲಿ ಒಂದಾದರೂ ತಪ್ಪು ಉಳಿದುಕೊಳ್ಳುತ್ತದೆ, ಮತ್ತು ನೀವು ಆರಿಸುವ ಕಾಲನಿ ಅಂಥದ್ದೇ ಆಗಿರಬಹುದು. ತಪ್ಪು ತಿದ್ದುವ ಪಾಲಿಮರೇಸ್ ಬಳಸಿ, ಮೂರು ಕಾಲನಿಗಳ ಪ್ಲಾಸ್ಮಿಡನ್ನು ಸೀಕ್ವೆನ್ಸಿಂಗ್‌ಗೆ ಕಳಿಸಿ. ಸ್ಯಾಂಗರ್ ಓದು ಒಂದು ಕಡೆಯಿಂದ 700–800 ಬೇಸ್‌ಗಳವರೆಗೆ ಮಾತ್ರ ನಂಬಿಕೆಗೆ ಅರ್ಹ. ಆದ್ದರಿಂದ ಟಿ7 ಪ್ರೊಮೋಟರ್ ಮತ್ತು ಟಿ7 ಟರ್ಮಿನೇಟರ್ ಪ್ರೈಮರ್‌ಗಳಿಂದ ಎರಡೂ ಕಡೆ ಓದಿಸಿ. ಒಂದೇ ಕಡೆ ಓದಿಸಿ 'ಸರಿಯಿದೆ' ಎಂದುಕೊಂಡು ಇನ್ನೊಂದು ತುದಿಯ ತಪ್ಪಿನಿಂದ ತಿಂಗಳುಗಟ್ಟಲೆ ಒದ್ದಾಡುವುದು ನಮ್ಮ ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಮಾಮೂಲು.

ಇನ್ನು ಉಷ್ಣತೆ. ಪುಸ್ತಕದ ಮಾತು ಹೀಗಿದೆ: 37 ಡಿಗ್ರಿಯಲ್ಲಿ ಕಲ್ಚರಿನ ಓ.ಡಿ. (ಕೋಶಗಳು ಹೆಚ್ಚಿದಂತೆ ಏರುವ ಮಬ್ಬಿನ ಅಳತೆ) 0.6 ಮುಟ್ಟುವವರೆಗೆ ಬೆಳೆಸಿ, ಫ್ಲಾಸ್ಕನ್ನು ತಣ್ಣೀರಿನಲ್ಲಿ ಇಳಿಸಿ ತಂಪಾಗಿಸಿ, 0.1 ಮಿಲಿಮೋಲಾರ್ ಐಪಿಟಿಜಿ ಕೊಟ್ಟು 18 ಡಿಗ್ರಿಯಲ್ಲಿ 16ರಿಂದ 18 ಗಂಟೆ ಬಿಡಿ. ಕಾಸರಗೋಡಿನಲ್ಲಿ ಏಪ್ರಿಲ್‌ನ ಕೋಣೆಯ ಉಷ್ಣತೆಯೇ 30 ದಾಟುತ್ತದೆ. ಅನೇಕ ಕಾಲೇಜುಗಳ ಶೇಕರ್ ಇನ್‌ಕ್ಯುಬೇಟರ್‌ಗಳಿಗೆ ಬಿಸಿ ಮಾಡಲು ಮಾತ್ರ ಗೊತ್ತು, ತಂಪು ಮಾಡಲು ಗೊತ್ತಿಲ್ಲ. ಗುಂಡಿಯಲ್ಲಿ 18 ಎಂದು ತಿರುಗಿಸಿಟ್ಟರೂ ಒಳಗೆ 33 ಇರುತ್ತದೆ. ಮೋಟಾರಿನ ಶಾಖ ಬೇರೆ. ತೋರುಫಲಕವನ್ನು ನಂಬದೆ ಫ್ಲಾಸ್ಕಿನ ನೀರಿನಲ್ಲಿ ಥರ್ಮಾಮೀಟರ್ ಅದ್ದಿ ನೋಡಿ. ತಂಪು ಯಂತ್ರ ಇಲ್ಲದಿದ್ದರೆ ಶೇಕರನ್ನು ಎಸಿ ಕೋಣೆಗೆ ಸಾಗಿಸಿ 22–25 ಡಿಗ್ರಿಯಲ್ಲಿ ಮಾಡಿ. ಸಿಗ್ನಲ್ ತೆಗೆದ ಬ್ಯಾಸಿಲಸ್ ಕಿಣ್ವಕ್ಕೆ ಅಷ್ಟು ಬಹುಮಟ್ಟಿಗೆ ಸಾಕು.

ಐಪಿಟಿಜಿ ಬದಲು ಲ್ಯಾಕ್ಟೋಸ್ ಬಳಸುವ ಆಟೋಇಂಡಕ್ಷನ್ ಮಾಧ್ಯಮ ನಿಮ್ಮಂಥ ಪ್ರಯೋಗಾಲಯಕ್ಕೆ ಹೆಚ್ಚು ಒಗ್ಗುತ್ತದೆ. ಸ್ಟುಡಿಯರ್ 2005ರಲ್ಲಿ ಪ್ರಕಟಿಸಿದ ವಿಧಾನ ಇದು. 1% ಟ್ರಿಪ್ಟೋನ್, 0.5% ಯೀಸ್ಟ್ ಎಕ್ಸ್‌ಟ್ರಾಕ್ಟ್, ಫಾಸ್ಫೇಟ್ ಮತ್ತು ಅಮೋನಿಯಂ ಲವಣಗಳು, 2 ಮಿಲಿಮೋಲಾರ್ ಮೆಗ್ನೀಸಿಯಂ ಸಲ್ಫೇಟ್. ಇವುಗಳ ಮೇಲೆ 0.5% ಗ್ಲಿಸರಾಲ್, 0.05% ಗ್ಲೂಕೋಸ್, 0.2% ಲ್ಯಾಕ್ಟೋಸ್. ಬ್ಯಾಕ್ಟೀರಿಯಾ ಮೊದಲು ಗ್ಲೂಕೋಸ್ ತಿಂದು ಮುಗಿಸುತ್ತದೆ. ಅಲ್ಲಿಯವರೆಗೆ ಪ್ರೊಮೋಟರ್ ಬಾಗಿಲು ಹಾಕಿಕೊಂಡಿರುತ್ತದೆ. ಆಮೇಲೆ ಲ್ಯಾಕ್ಟೋಸ್ ಒಳಬಂದು ತಾನೇ ಬಾಗಿಲು ತೆರೆಯುತ್ತದೆ. ಸಂಜೆ ಬೀಜ (ಆರಂಭದ ಕಲ್ಚರ್) ಹಾಕಿ ಮನೆಗೆ ಹೋಗಬಹುದು, ಓ.ಡಿ. ನೋಡುತ್ತಾ ಕೂರಬೇಕಿಲ್ಲ. ಒಂದು ಎಚ್ಚರಿಕೆ: ಫಾಸ್ಫೇಟ್ ಹೆಚ್ಚಿರುವ ಸಮೃದ್ಧ ಮಾಧ್ಯಮದಲ್ಲಿ, ಪ್ಲಾಸ್ಮಿಡ್ ಇರುವ ಕೋಶಗಳನ್ನಷ್ಟೇ ಉಳಿಸಲು ಹಾಕುವ ಆ್ಯಂಟಿಬಯೋಟಿಕ್ ಕನಮೈಸಿನ್‌ನ ಹಿಡಿತ ಸಡಿಲವಾಗುತ್ತದೆ, ಪ್ಲಾಸ್ಮಿಡ್ ಇಲ್ಲದ ಕೋಶಗಳೂ ಬೆಳೆದುಬಿಡುತ್ತವೆ. ಹಾಗಾಗಿ ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಬದಲು 100 ಹಾಕಿ. ಫ್ಲಾಸ್ಕಿನ ಐದನೇ ಒಂದು ಪಾಲಿಗಿಂತ ಹೆಚ್ಚು ತುಂಬಬೇಡಿ.

ಒಂದು ವೇಳೆ ಪಟ್ಟಿ ಮೇಲಿನ ತಿಳಿಯಲ್ಲೇ ಇದ್ದು, ಆದರೂ ಕೆಲಸ ಸೊನ್ನೆಯಾಗಿದ್ದರೆ ಮೊದಲು ಪರೀಕ್ಷೆಯನ್ನೇ ಅನುಮಾನಿಸಿ. ನಿಮ್ಮ ಕೈಯಲ್ಲಿ ಒಳ್ಳೆಯ ಸಾಕ್ಷಿ ಇದೆ: ಮೂಲ ಬ್ಯಾಸಿಲಸ್ ತಳಿ. ಅದರ ಕಲ್ಚರಿನ ತಿಳಿ ನಿಮ್ಮ ಡಿಎನ್‌ಎಸ್ ಪರೀಕ್ಷೆಯಲ್ಲಿ ಕೆಲಸ ತೋರಿಸದಿದ್ದರೆ ತಪ್ಪು ಜೀನಿನದಲ್ಲ, ಪರೀಕ್ಷೆಯದು.

ಪರೀಕ್ಷೆ ಹೀಗಿರಲಿ. ಲೋಕಸ್ಟ್ ಬೀನ್ ಗಮ್ (ಮನ್ನಾನ್ ಬೆನ್ನೆಲುಬಿರುವ ಬೀಜದ ಗೋಂದು) 0.5%, 50 ಮಿಲಿಮೋಲಾರ್ ಫಾಸ್ಫೇಟ್ ಬಫರ್, ಪಿಎಚ್ 6.5. ಗಮ್ ತಣ್ಣೀರಿನಲ್ಲಿ ಕರಗದು. ಕಲಕುತ್ತಾ 80–90 ಡಿಗ್ರಿಗೆ ಏರಿಸಿ, ತಣಿದ ಮೇಲೆ ತಿರುಗಿಸಿ ಕರಗದ ಚೂರು ತೆಗೆಯಿರಿ. ಈ ದ್ರಾವಣ 0.9 ಮಿ.ಲೀ., ಕಿಣ್ವ 0.1 ಮಿ.ಲೀ., 50 ಡಿಗ್ರಿಯಲ್ಲಿ 10 ನಿಮಿಷ. ಆಮೇಲೆ 1.5 ಮಿ.ಲೀ. ಡಿಎನ್‌ಎಸ್ ಹಾಕಿ, ಕುದಿಯುವ ನೀರಿನಲ್ಲಿ 5 ನಿಮಿಷ ಇಟ್ಟು, ತಣಿಸಿ, 540 ನ್ಯಾನೋಮೀಟರಿನಲ್ಲಿ ಓದಿ. ಡಿಎನ್‌ಎಸ್ ದ್ರಾವಣಕ್ಕೆ 1 ಗ್ರಾಂ ಡಿಎನ್‌ಎಸ್, 2 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 20 ಮಿ.ಲೀ., ರೊಶೆಲ್ ಉಪ್ಪು 30 ಗ್ರಾಂ, ಒಟ್ಟು 100 ಮಿ.ಲೀ., ಕಂದು ಬಾಟಲಿ. ಮಾನದಂಡದ ರೇಖೆ ಗ್ಲೂಕೋಸ್‌ನದಲ್ಲ, ಮನ್ನೋಸ್‌ನದು. ಹೋಲಿಕೆಗೆ ಎರಡು ಬ್ಲಾಂಕ್ (ಖಾಲಿ ಮಾದರಿ) ಬೇಕು: ಕಿಣ್ವ ಇಲ್ಲದ ಗಮ್ ಒಂದು, ಗಮ್‌ಗೆ ಮೊದಲೇ ಡಿಎನ್‌ಎಸ್ ಹಾಕಿ ಆಮೇಲೆ ಕಿಣ್ವ ಹಾಕಿದ್ದು ಇನ್ನೊಂದು. ಎರಡನೆಯದನ್ನು ಬಿಟ್ಟರೆ ಮಾಧ್ಯಮದಲ್ಲಿದ್ದ ಸಕ್ಕರೆಯೇ 'ಕಿಣ್ವ'ವಾಗಿ ಲೆಕ್ಕಕ್ಕೆ ಬರುತ್ತದೆ. ಶುದ್ಧೀಕರಣದ ಬಫರಿನಲ್ಲಿ ಡಿಟಿಟಿ ಅಥವಾ ಮರ್ಕ್ಯಾಪ್ಟೋಎಥನಾಲ್ ಇದ್ದರೂ ಡಿಎನ್‌ಎಸ್ ದಾರಿ ತಪ್ಪುತ್ತದೆ. ಡಯಾಲಿಸಿಸ್ ಮಾಡಿಯೇ ಅಳೆಯಿರಿ.

ಲೆಕ್ಕದ ಒಂದು ಉದಾಹರಣೆ, ಇದು ಮುಂದೆ ಬೇಕಾಗುತ್ತದೆ. 0.1 ಮಿ.ಲೀ. ಕಿಣ್ವ 10 ನಿಮಿಷದಲ್ಲಿ 0.36 ಮಿ.ಗ್ರಾಂ ಮನ್ನೋಸ್‌ಗೆ ಸಮನಾದ ಸಕ್ಕರೆ ಬಿಡಿಸಿತು ಎನ್ನಿ. ಮನ್ನೋಸ್‌ನ ಅಣುತೂಕ 180, ಆದ್ದರಿಂದ ಅದು 2 ಮೈಕ್ರೋಮೋಲ್. ನಿಮಿಷಕ್ಕೆ 0.2. ನಿಮಿಷಕ್ಕೆ ಒಂದು ಮೈಕ್ರೋಮೋಲ್ ಎಂದರೆ ಒಂದು ಯೂನಿಟ್. ಅಂದರೆ ಮಿಲಿಲೀಟರಿಗೆ 2 ಯೂನಿಟ್.

ಗಮ್ ದುಬಾರಿ ಎಂದು ಅಂಗಡಿಯ ಗೋರಿಕಾಯಿ ಗೋಂದು, ಅಂದರೆ ಗ್ವಾರ್ ಗಮ್ ಬಳಸುವವರಿದ್ದಾರೆ. ಅದರಲ್ಲಿ ಎರಡು ಮನ್ನೋಸ್‌ಗೆ ಒಂದು ಗ್ಯಾಲಕ್ಟೋಸ್ ಕೊಂಬೆ ಇರುತ್ತದೆ, ಕಿಣ್ವಕ್ಕೆ ಬೆನ್ನೆಲುಬು ಸಿಗುವುದೇ ಕಷ್ಟ. ಲೋಕಸ್ಟ್ ಬೀನ್‌ನಲ್ಲಿ ನಾಲ್ಕಕ್ಕೆ ಒಂದು. ತೆಂಗಿನ ಮನ್ನಾನ್‌ನಲ್ಲಿ ಕೊಂಬೆಗಳು ಇವೆರಡಕ್ಕಿಂತ ಬಹಳ ವಿರಳ. ಅದು ಸಂತೋಷದ ಸುದ್ದಿಯಲ್ಲ: ಕೊಂಬೆ ಕಡಿಮೆಯಾದಷ್ಟೂ ಸರಪಳಿಗಳು ಒತ್ತೊತ್ತಾಗಿ ಜೋಡಿಸಿಕೊಂಡು ಗಟ್ಟಿಯಾಗುತ್ತವೆ, ನೀರಿಗೆ ಕರಗುವುದಿಲ್ಲ. ಗಮ್ ಮೇಲೆ ಚುರುಕಾದ ಕಿಣ್ವ ಕೊಬ್ಬರಿ ಹಿಂಡಿಯ ಮೇಲೆ ಮಂಕಾಗಬಹುದು. ಆದ್ದರಿಂದ ಎಣ್ಣೆ ತೆಗೆದ ಹಿಂಡಿಯ ಪುಡಿ 2% ಹಾಕಿದ ಬಫರಿನಲ್ಲೂ ಒಂದು ಸಾಲು ಪರೀಕ್ಷೆ ಮಾಡಿ. ನಿಮ್ಮ ಉದ್ದೇಶಕ್ಕೆ ಬೇಕಾದ ಸಂಖ್ಯೆ ಅದೇ.

ಈಗ ಪಿಚಿಯಾ ಪ್ರಶ್ನೆ. ಆತಿಥೇಯ ಜೀವಿಯನ್ನು ಆರಿಸುವಾಗ ಕೇಳಬೇಕಾದದ್ದು ಕಿಣ್ವ ಕೊನೆಗೆ ಎಲ್ಲಿ ಸಿಗಬೇಕು, ಎಷ್ಟು ಬೇಕು ಎಂದು. ಮೇಲಿನ 2 ಯೂನಿಟ್ ಲೆಕ್ಕ ಇಟ್ಟುಕೊಳ್ಳೋಣ. ರೈತರ ಘಟಕ ದಿನಕ್ಕೆ 100 ಕಿಲೋ ತುರಿ ಅರೆಯುತ್ತದೆ, ಗ್ರಾಂ ತುರಿಗೆ 5 ಯೂನಿಟ್ ಹಾಕುತ್ತೀರಿ ಎಂದುಕೊಳ್ಳಿ. ಬೇಕಾದದ್ದು 5 ಲಕ್ಷ ಯೂನಿಟ್. ಮಿಲಿಲೀಟರಿಗೆ 2 ಯೂನಿಟ್‌ನ ಕಲ್ಚರಾದರೆ ದಿನಕ್ಕೆ 250 ಲೀಟರ್. 500 ಯೂನಿಟ್‌ನದಾದರೆ ಒಂದೇ ಲೀಟರ್. ಜೀನ್ ಎಂಜಿನಿಯರಿಂಗ್ ಬೇಕೋ ಬೇಡವೋ ಎಂಬುದು ಈ ಭಾಗಾಕಾರದಲ್ಲೇ ತೀರ್ಮಾನವಾಗುತ್ತದೆ. 250 ಲೀಟರ್ ಇ. ಕೋಲೈ ಬೆಳೆಸಿ ಒಡೆದು ಅದರಿಂದ ಅಡುಗೆ ಎಣ್ಣೆಗೆ ಕಿಣ್ವ ತೆಗೆಯುವುದು ಬುದ್ಧಿವಂತಿಕೆಯಲ್ಲ. ಕೋಶ ಒಡೆದಾಗ ಅದರ ಹೊರಪೊರೆಯ ಎಂಡೋಟಾಕ್ಸಿನ್ ಸಮೇತ ಎಲ್ಲವೂ ಬೆರೆಯುತ್ತದೆ. ಇ. ಕೋಲೈ ಕಿಣ್ವವನ್ನು ಅರಿಯಲು, ರೂಪಾಂತರ ಮಾಡಿ ಹೋಲಿಸಲು ಒಳ್ಳೆಯದು. ಊಟದ ಹಾದಿಗೆ ಬೇರೆ ಆತಿಥೇಯ ನೋಡಿ.

ನನ್ನ ಆಯ್ಕೆ ಬ್ಯಾಸಿಲಸ್ ಸಬ್ಟಿಲಿಸ್. ಕಿಣ್ವ ಅದರದೇ ಕುಲದ್ದು, ಚೀಟಿ ಓದಲು ಅದಕ್ಕೆ ಬರುತ್ತದೆ, ಕೋಶ ಒಡೆಯುವ ಕೆಲಸವಿಲ್ಲ. ಇಲ್ಲಿ ಸಿಗ್ನಲ್ ಪೆಪ್ಟೈಡ್ ಉಳಿಸಿಕೊಂಡೇ ಜೀನ್ ಹಾಕಿ, ಪಿ43ರಂಥ ಬಲವಾದ ಪ್ರೊಮೋಟರ್ ಕೊಡಿ. ತೊಂದರೆ ಎರಡು. ಮೊದಲನೆಯದು, ಬ್ಯಾಸಿಲಸ್ ತಾನೇ ಹೊರಹಾಕುವ ಪ್ರೋಟಿಯೇಸ್‌ಗಳು ನಿಮ್ಮ ಕಿಣ್ವವನ್ನೂ ತಿನ್ನುತ್ತವೆ. ಆರು ಪ್ರೋಟಿಯೇಸ್ ಜೀನ್ ಅಳಿಸಿದ ಡಬ್ಲ್ಯುಬಿ600, ಎಂಟು ಅಳಿಸಿದ ಡಬ್ಲ್ಯುಬಿ800 ಇರುವುದು ಅದಕ್ಕೇ. ಎರಡನೆಯದು, ಪ್ಲಾಸ್ಮಿಡ್ ತಲೆಮಾರು ಕಳೆದಂತೆ ಕಳಚಿಹೋಗುತ್ತದೆ. ಆ್ಯಂಟಿಬಯೋಟಿಕ್ ಹಾಕಿ ಆಹಾರದ ಕಿಣ್ವ ತಯಾರಿಸುವಂತಿಲ್ಲ, ಆದ್ದರಿಂದ ಜೀನನ್ನು ಕ್ರೋಮೋಸೋಮಿನಲ್ಲಿ, ಪಿಷ್ಟ ಒಡೆಯುವ ಅಮೈಲೇಸ್ ಜೀನಿನ ತಾಣ ಎಎಂವೈ-ಇ ಒಳಗೇ ಹೊಲಿಯುವುದು ವಾಸಿ. ಪತ್ತೆಯೂ ಸುಲಭ: ಪಿಷ್ಟದ ಪ್ಲೇಟಿಗೆ ಅಯೋಡಿನ್ ಸುರಿದಾಗ ಮೂಲ ತಳಿಯ ಸುತ್ತ ತಿಳಿ ವಲಯ ಕಾಣುತ್ತದೆ, ಜೀನ್ ಸರಿಯಾಗಿ ಸೇರಿದ ಕಾಲನಿಯ ಸುತ್ತ ನೀಲಿಯೇ ಉಳಿಯುತ್ತದೆ. ಸೇರಿದ ಮೇಲೆ ಆ್ಯಂಟಿಬಯೋಟಿಕ್ ಪ್ರತಿರೋಧದ ಜೀನನ್ನು ತೆಗೆದುಹಾಕುವ ವಿಧಾನಗಳೂ ಇವೆ. ಕೋಶದಲ್ಲಿ ಜೀನಿನ ನಕಲು ಒಂದೇ ಆದ್ದರಿಂದ ಇಳುವರಿ ಪ್ಲಾಸ್ಮಿಡ್‌ಗಿಂತ ಕಡಿಮೆ. ಬದಲಿಗೆ ಅದು ಓಡಿಹೋಗುವುದಿಲ್ಲ.

ಪಿಚಿಯಾ ಒಳ್ಳೆಯ ಯಂತ್ರವೇ. ಫರ್ಮೆಂಟರಿನಲ್ಲಿ ಮನ್ನನೇಸ್ ಮಿಲಿಲೀಟರಿಗೆ ಸಾವಿರಾರು ಯೂನಿಟ್ ಬಂದ ವರದಿಗಳಿವೆ. ಆದರೆ ಅದು ಹೆಚ್ಚು ಹೊಂದುವುದು ಆಸ್ಪರ್ಜಿಲಸ್‌ನಂಥ ಬೂಷ್ಟಿನ ಜೀನಿಗೆ, ಏಕೆಂದರೆ ಅದರ ಪ್ರೋಟೀನ್ ಸಕ್ಕರೆ ಸರಪಳಿ ಅಂಟಿಸಿಕೊಂಡೇ ಗಟ್ಟಿಯಾಗುವಂಥದ್ದು. ಬ್ಯಾಕ್ಟೀರಿಯಾದ ಪ್ರೋಟೀನಿನಲ್ಲಿ ಆಸ್ಪರಜಿನ್, ಒಂದು ಬಿಟ್ಟು ಸೆರಿನ್ ಅಥವಾ ಥ್ರಿಯೋನಿನ್ ಎಂಬ ಸಾಲು ಆಕಸ್ಮಿಕವಾಗಿ ಇದ್ದರೂ ಯೀಸ್ಟ್ ಅಲ್ಲಿ ಸಕ್ಕರೆ ಅಂಟಿಸುತ್ತದೆ. ಅದು ಕಿಣ್ವದ ಬಾಯಿಯ ಹತ್ತಿರವಾದರೆ ಕೆಲಸ ಕುಂದುತ್ತದೆ. ಹಾಕುವ ಮುನ್ನ ಅನುಕ್ರಮದಲ್ಲಿ ಅಂಥ ಸಾಲು ಎಷ್ಟಿವೆ ಎಣಿಸಿ.

ಮಾಡಿಯೇ ನೋಡುವುದಾದರೆ ಪಿಪಿಐಸಿಜಡ್-ಆಲ್ಫಾ ಪ್ಲಾಸ್ಮಿಡ್‌ನಲ್ಲಿ ಸಿಗ್ನಲ್ ತೆಗೆದ ಜೀನನ್ನು ಹಾಕಿ, ಎಸ್‌ಎಸಿ-1 ಅಥವಾ ಪಿಎಂಇ-1ರಿಂದ ಕತ್ತರಿಸಿ ನೇರ ದಾರವಾಗಿಸಿ. ಆ ಕತ್ತರಿಗಳ ತಾಣ ನಿಮ್ಮ ಜೀನಿನೊಳಗೆ ಇರಬಾರದು. ಉಂಗುರದ ಡಿಎನ್‌ಎ ಹಾಕಿದರೆ ಕಾಲನಿ ಬೆರಳೆಣಿಕೆ. 5–10 ಮೈಕ್ರೋಗ್ರಾಂ ಡಿಎನ್‌ಎ, 1 ಮೋಲಾರ್ ಸಾರ್ಬಿಟಾಲ್‌ನಲ್ಲಿ ತೊಳೆದ ಕೋಶಗಳು, 0.2 ಸೆಂಟಿಮೀಟರ್ ಕ್ಯುವೆಟ್, ಡಿಎನ್‌ಎ ಒಳಹೋಗಲು 1,500 ವೋಲ್ಟ್‌ನ ವಿದ್ಯುತ್ ಹೊಡೆತ. ಕೋಶ ತೊಳೆದದ್ದು ಸಾಲದೆ ಉಪ್ಪು ಉಳಿದರೆ ಕ್ಯುವೆಟ್ ಚಟಾರನೆ ಕಿಡಿ ಹಾರಿಸುತ್ತದೆ, ಆ ಮಾದರಿ ಹೋಯಿತು. ಈ ಪ್ಲಾಸ್ಮಿಡ್‌ಗೆ ಬಳಸುವ ಆ್ಯಂಟಿಬಯೋಟಿಕ್ ಜಿಯೋಸಿನ್ ಬೆಳಕಿಗೂ ಉಪ್ಪಿಗೂ ಸೋಲುತ್ತದೆ, ಇ. ಕೋಲೈ ಹಂತದಲ್ಲಿ ಕಡಿಮೆ ಉಪ್ಪಿನ ಎಲ್‌ಬಿ ಮಾಧ್ಯಮ, ಪಿಎಚ್ 7.5 ಬೇಕು. ಬೆಳೆಸುವುದು ಗ್ಲಿಸರಾಲ್ ಮಾಧ್ಯಮದಲ್ಲಿ, ಆಮೇಲೆ ಮೆಥನಾಲ್ ಮಾಧ್ಯಮಕ್ಕೆ ಬದಲಾಯಿಸಿ 28–30 ಡಿಗ್ರಿಯಲ್ಲಿ 72ರಿಂದ 96 ಗಂಟೆ, 24 ಗಂಟೆಗೊಮ್ಮೆ 0.5% ಮೆಥನಾಲ್. ಇಲ್ಲಿ ಬಹುತೇಕ ಎಲ್ಲರೂ ಎಡವುವುದು ಗಾಳಿಯ ವಿಷಯದಲ್ಲಿ. ಮೆಥನಾಲ್ ಉರಿಸಲು ಯೀಸ್ಟಿಗೆ ವಿಪರೀತ ಆಮ್ಲಜನಕ ಬೇಕು. ಫ್ಲಾಸ್ಕಿನ ಹತ್ತನೇ ಒಂದು ಪಾಲಿಗಿಂತ ಹೆಚ್ಚು ತುಂಬಿ, ಬಾಯಿಗೆ ಹತ್ತಿಯನ್ನು ಬಿಗಿಯಾಗಿ ತುರುಕಿ, ಮೇಲೆ ಫಾಯಿಲ್ ಸುತ್ತಿದರೆ ಜೀನ್ ಎಷ್ಟೇ ಚೆನ್ನಾಗಿದ್ದರೂ ಕಿಣ್ವ ಬರದು. ಮೆಥನಾಲ್ ವಿಷ, ಬೆಂಕಿಗೂ ಹತ್ತಿರ. ದಾಸ್ತಾನಿಗೆ ಅನುಮತಿಯ ವಿಚಾರ ಮೊದಲೇ ಕೇಳಿಕೊಳ್ಳಿ. ಅದರ ಗೊಡವೆ ಬೇಡವೆಂದರೆ ಗ್ಲೂಕೋಸ್‌ನಲ್ಲೇ ನಡೆಯುವ ಜಿಎಪಿ ಪ್ರೊಮೋಟರ್ ಇದೆ.

ಇಷ್ಟೆಲ್ಲ ಹೇಳಿದ ಮೇಲೂ, ರೈತರಿಗಾಗಿ ಈ ವರ್ಷವೇ ಏನಾದರೂ ಮಾಡಿ ತೋರಿಸಬೇಕಿದ್ದರೆ ಜೀನ್ ಕೆಲಸವನ್ನು ವಿದ್ಯಾರ್ಥಿಗಳಿಗೆ ಬಿಟ್ಟು, ನಿಮ್ಮ ಮೂಲ ತಳಿಯನ್ನೇ ಹಿಂಡಿಯ ಮೇಲೆ ಬೆಳೆಸಿ ನೋಡುವುದು ಒಳ್ಳೆಯದು. ಎಣ್ಣೆ ತೆಗೆದ ಕೊಬ್ಬರಿ ಹಿಂಡಿ 2%, ಯೀಸ್ಟ್ ಎಕ್ಸ್‌ಟ್ರಾಕ್ಟ್ 0.5%, ಡೈಪೊಟ್ಯಾಸಿಯಂ ಫಾಸ್ಫೇಟ್ 0.2%, ಮೆಗ್ನೀಸಿಯಂ ಸಲ್ಫೇಟ್ 0.02%, ಪಿಎಚ್ 7, 37 ಡಿಗ್ರಿ, ಶೇಕರಿನಲ್ಲಿ ನಿಮಿಷಕ್ಕೆ 180 ಸುತ್ತು. 24, 36, 48 ಗಂಟೆಗೆ ಅಳೆಯಿರಿ. ಹಿಂಡಿಯೇ ಇಲ್ಲಿ ಆಹಾರವೂ ಹೌದು, ಜೀನನ್ನು ಎಬ್ಬಿಸುವ ಕರೆಗಂಟೆಯೂ ಹೌದು. ಗ್ಲೂಕೋಸ್ ಬೆರೆಸಿದರೆ ಮನ್ನನೇಸ್ ಇಳಿಯುತ್ತದೆ. ತಿಳಿಯನ್ನು ಸಾಂದ್ರಗೊಳಿಸಲು ಮಂಜಿನ ಮೇಲೆ ಲೀಟರಿಗೆ 516 ಗ್ರಾಂ ಅಮೋನಿಯಂ ಸಲ್ಫೇಟನ್ನು ಚಿಟಿಕೆ ಚಿಟಿಕೆಯಾಗಿ ಕರಗಿಸಿ. 80% ಪರ್ಯಾಪ್ತತೆಗೆ ಅಷ್ಟು. ಒಂದೇ ಸಲ ಸುರಿದರೆ ಕಿಣ್ವ ಕೆಡಬಹುದು.

ಅದಕ್ಕೂ ಮೊದಲು ಆ ತಳಿ ಯಾವುದೆಂದು ಖಚಿತವಾಗಬೇಕು. ಅಟ್ಟದ ಧೂಳಿನಲ್ಲಿ ಬ್ಯಾಸಿಲಸ್ ಸೀರಿಯಸ್ ಕೂಡ ಇರುತ್ತದೆ, ಅದು ಹೊಟ್ಟೆ ಕೆಡಿಸುವ ಜಾತಿ. 16ಎಸ್ ಅನುಕ್ರಮ (ಬ್ಯಾಕ್ಟೀರಿಯಾದ ಗುರುತು ಹೇಳುವ ಜೀನ್), ರಕ್ತದ ಅಗರ್, ಮೊಟ್ಟೆಯ ಹಳದಿಯ ಅಗರ್ ಮೂರನ್ನೂ ನೋಡಿ. ಹಳದಿಯ ಅಗರಿನಲ್ಲಿ ಕಾಲನಿ ಸುತ್ತ ಬಿಳಿ ಮಬ್ಬು ಕಂಡರೆ ತಳಿಯನ್ನು ಕೈಬಿಡಿ. ಕೊಬ್ಬರಿ ಮೇಲೆ ಬೆಳೆದ ಬೂಷ್ಟನ್ನಂತೂ ಮುಟ್ಟಲೇಬೇಡಿ. ಮಳೆಗಾಲದ ಕೊಬ್ಬರಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಸಾಮಾನ್ಯ, ಅದರ ಕೊಡುಗೆ ಅಫ್ಲಟಾಕ್ಸಿನ್.

ಎಣ್ಣೆಯ ಪ್ರಯೋಗ ಸಣ್ಣದಾಗಿ ಮಾಡಿ: 100 ಗ್ರಾಂ ತುರಿ, 100 ಮಿ.ಲೀ. ನೀರು, 50 ಡಿಗ್ರಿ, 2 ಗಂಟೆ. ಗ್ರಾಂಗೆ 5, 20, 50 ಯೂನಿಟ್. ಜೊತೆಗೆ ಅಷ್ಟೇ ಪ್ರಮಾಣದ ಕಿಣ್ವವನ್ನು 15 ನಿಮಿಷ ಕುದಿಸಿ ಸಾಯಿಸಿ ಹಾಕಿದ ಒಂದು ಪಾತ್ರೆ ಇರಲೇಬೇಕು. ಬೆಚ್ಚಗೆ ಎರಡು ಗಂಟೆ ಇಟ್ಟರೆ ಕಿಣ್ವವಿಲ್ಲದೆಯೂ ಒಂದಿಷ್ಟು ಎಣ್ಣೆ ಬಿಡುತ್ತದೆ. ಆ ಪಾತ್ರೆ ಇಲ್ಲದ ಫಲಿತಾಂಶವನ್ನು ಯಾರಿಗೂ ತೋರಿಸಬೇಡಿ. ಎಣ್ಣೆ ಹೆಚ್ಚಾದರೆ ಅದರ ಪೂರ್ಣ ಕೀರ್ತಿ ಮನ್ನನೇಸ್‌ಗೇ ಸಲ್ಲದು. ತೆಂಗಿನಹಾಲಿನ ಎಣ್ಣೆಹನಿಗಳನ್ನು ಹಿಡಿದಿಟ್ಟಿರುವುದು ಪ್ರೋಟೀನ್ ಪದರ, ಕಚ್ಚಾ ತಿಳಿಯಲ್ಲಿರುವ ಪ್ರೋಟಿಯೇಸ್ ಅದನ್ನು ಬಿಡಿಸುತ್ತದೆ. ಅದೇ ತಿಳಿಯಲ್ಲಿ ಲೈಪೇಸ್ ಇದ್ದರೆ ಎಣ್ಣೆ ಹುಳಿಯಾಗುತ್ತದೆ, ಆದ್ದರಿಂದ ಎಣ್ಣೆಯ ಮುಕ್ತ ಕೊಬ್ಬಿನಾಮ್ಲವನ್ನು ಟೈಟ್ರೇಶನ್ ಮಾಡಿ ದಿನ 1, ದಿನ 30 ಹೋಲಿಸಿ. ಕಿಣ್ವವಿಲ್ಲದ ಬಿಸಿ ವಿಧಾನ ಮತ್ತು ಹುದುಗು ವಿಧಾನ ಎರಡೂ ಕಾಸರಗೋಡಿನ ಕೂಡ್ಲಿನಲ್ಲಿರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ಇವೆ. ನಿಮ್ಮ ಇಳುವರಿಯನ್ನು ಹೋಲಿಸಬೇಕಾದದ್ದು ಅವುಗಳ ಜೊತೆ. ಮಾರಾಟಕ್ಕೆ ಹೋಗುವ ಎಣ್ಣೆಗೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಒಪ್ಪಿದ ಕಿಣ್ವವೇ ಬೇಕು, ಕಾಲೇಜಿನ ಫ್ಲಾಸ್ಕಿನದು ನಡೆಯದು. ಕೋಳಿ ಆಹಾರಕ್ಕೆಂದು ಮಾರುವ ಮನ್ನನೇಸ್ ಪುಡಿಯನ್ನೂ ಅದಕ್ಕೆ ಸುರಿಯಬಾರದು.

ಜೀನ್ ಬದಲಿಸಿದ ತಳಿಗಳಿಗೆ ಕೇಂದ್ರ ಸರ್ಕಾರದ 1989ರ ನಿಯಮಗಳು ಅನ್ವಯಿಸುತ್ತವೆ. ಸಂಸ್ಥೆಯಲ್ಲಿ ಐಬಿಎಸ್‌ಸಿ, ಅಂದರೆ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಸಮಿತಿ ಇರುವ ಸಂಸ್ಥೆಯೊಂದಿಗೆ ಸೇರಿ ಮಾಡುವುದು ಲೇಸು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ದೂರವೇನಲ್ಲ. 20 ಲೀಟರ್ ಮೀರಿದರೆ ದೊಡ್ಡ ಪ್ರಮಾಣದ ಪ್ರಯೋಗವೆಂದು ಬೇರೆ ಅನುಮತಿ ಬೇಕಾಗುತ್ತದೆ. ಮೇಲಿನ 250 ಲೀಟರ್ ಲೆಕ್ಕ ಇಲ್ಲಿ ಮತ್ತೊಮ್ಮೆ ನೆನಪಾಗಲಿ. ಉಳಿದ ಕಲ್ಚರನ್ನು 121 ಡಿಗ್ರಿಯಲ್ಲಿ 30 ನಿಮಿಷ ಆಟೋಕ್ಲೇವ್ ಮಾಡದೆ ಚೆಲ್ಲಬೇಡಿ. ನಮ್ಮದು ಮುರಕಲ್ಲಿನ ನೆಲ, ಚೆಲ್ಲಿದ್ದು ಇಂಗಿ ಯಾರ ಬಾವಿಗೋ ಕುಡಿಯುವ ನೀರಿನ ಸುರಂಗಕ್ಕೋ ಸೇರುತ್ತದೆ.

ವೆನಿಲಿನ್ ಬಗ್ಗೆ. ವೆನಿಲ್ಲಾ ಬಳ್ಳಿಯ ಹೂವಿಗೆ ಬೆಳಗಾತ ಒಂದೊಂದಾಗಿ ಕೈಯಲ್ಲಿ ಪರಾಗ ಮುಟ್ಟಿಸಿ, ಆಮೇಲೆ ಬೆಲೆ ನೆಲಕಚ್ಚಿದ್ದನ್ನು ಕಂಡವರ ಊರಿಂದ ಈ ಪ್ರಶ್ನೆ ಬರುವುದು ಸಹಜ. ದಾರಿ ಇದೆ: ಅಕ್ಕಿ ತೌಡಿನಲ್ಲಿರುವ ಫೆರುಲಿಕ್ ಆಮ್ಲವನ್ನು ಎಫ್‌ಸಿಎಸ್ ಮತ್ತು ಇಸಿಎಚ್ ಎಂಬ ಎರಡು ಜೀನ್‌ಗಳ ಕಿಣ್ವಗಳು ವೆನಿಲಿನ್ ಆಗಿಸುತ್ತವೆ. 194 ಗ್ರಾಂ ಫೆರುಲಿಕ್ ಆಮ್ಲದಿಂದ ಹೆಚ್ಚೆಂದರೆ 152 ಗ್ರಾಂ ವೆನಿಲಿನ್. ಆದರೆ ಇದು ಕಿಣ್ವ ತಯಾರಿಸುವ ಕೆಲಸಕ್ಕಿಂತ ಬೇರೆ ಜಾತಿಯದು. ಮನ್ನನೇಸ್ ಹೆಚ್ಚಾದರೆ ಕೋಶಕ್ಕೆ ಆಯಾಸ ಮಾತ್ರ. ವೆನಿಲಿನ್ ಹೆಚ್ಚಾದರೆ ಅದಕ್ಕೆ ವಿಷ. ಲೀಟರಿಗೆ ಒಂದು ಗ್ರಾಂ ಆಸುಪಾಸಿನಲ್ಲೇ ಇ. ಕೋಲೈ ಸೊರಗುತ್ತದೆ. ತನ್ನ ಜೀವ ಉಳಿಸಿಕೊಳ್ಳಲು ವೆನಿಲಿನ್ ಅನ್ನು ಪರಿಮಳವಿಲ್ಲದ ವೆನಿಲೈಲ್ ಆಲ್ಕೋಹಾಲ್ ಆಗಿ ಇಳಿಸುತ್ತದೆ. ಅದನ್ನು ತಡೆಯಲು ಆಲ್ಡಿಹೈಡ್ ರಿಡಕ್ಟೇಸ್ ಜೀನ್‌ಗಳನ್ನು ಅಳಿಸಿದ ತಳಿ ಬೇಕು, ಹುಟ್ಟಿದ ವೆನಿಲಿನ್ ಅನ್ನು ಆಗಿಂದಾಗಲೇ ಹೀರುವ ರೆಸಿನ್ ಬೇಕು. ತೌಡಿನಲ್ಲಿ ಫೆರುಲಿಕ್ ಆಮ್ಲ ಬಿಡಿಯಾಗಿ ಸಿಗುವುದಿಲ್ಲ, ಕೋಶಭಿತ್ತಿಗೆ ಕಟ್ಟಿಕೊಂಡಿರುತ್ತದೆ. ಕ್ಷಾರದಲ್ಲಿ ಬೇಯಿಸಿ ಬಿಡಿಸಬೇಕು. ಲೀಟರಿಗೆ 10 ಗ್ರಾಂ ದಾಟಿಸಿರುವುದು ಅಮೈಕೊಲಟಾಪ್ಸಿಸ್, ಸ್ಟ್ರೆಪ್ಟೊಮೈಸಿಸ್ ಜಾತಿಯ, ವೆನಿಲಿನ್ ತಾಳಬಲ್ಲ ತಳಿಗಳು. ಸ್ನಾತಕೋತ್ತರ ಪ್ರಾಜೆಕ್ಟ್‌ಗೆ ಒಳ್ಳೆಯ ವಿಷಯ, ಘಟಕಕ್ಕೆ ಅಲ್ಲ.

ಕೊನೆಗೆ, ನೀವು ಕೇಳದ ಒಂದು ವಿಷಯ. ಬಿಎಲ್21ರ ಪ್ಲೇಟನ್ನು ಫ್ರಿಜ್‌ನಲ್ಲಿಟ್ಟು ಅದರಿಂದಲೇ ತಿಂಗಳುಗಟ್ಟಲೆ ಬೀಜ ತೆಗೆಯಬೇಡಿ. ಟಿ7 ತಳಿಗಳು ಹಾಗೆ ಇಟ್ಟಷ್ಟೂ ಕಿಣ್ವ ಕೊಡುವುದನ್ನು ಕಡಿಮೆ ಮಾಡುತ್ತವೆ. ಪ್ಲಾಸ್ಮಿಡನ್ನು ಡಿಎಚ್5-ಆಲ್ಫಾ ಎಂಬ ಇ. ಕೋಲೈ ತಳಿಯಲ್ಲಿ ಕಾಪಿಟ್ಟು, ಪ್ರತಿ ಪ್ರಯೋಗದ ಮುನ್ನ ಬಿಎಲ್21ಗೆ ಹೊಸದಾಗಿ ಸೇರಿಸಿ. 20% ಗ್ಲಿಸರಾಲ್ ಸ್ಟಾಕನ್ನು ಮೈನಸ್ 80ರಲ್ಲಿಡುವುದು ಸರಿಯೇ, ಆದರೆ ಆಟಿಯ ಗಾಳಿಮಳೆಗೆ ಎರಡು ದಿನ ಕರೆಂಟ್ ಹೋದರೆ ಡೀಪ್ ಫ್ರೀಜರಿನ ಮೇಲೆ ಭರವಸೆ ಇಡುವಂತಿಲ್ಲ. ಪ್ಲಾಸ್ಮಿಡ್‌ನ ನಾಲ್ಕು ಹನಿಯನ್ನು ಫಿಲ್ಟರ್ ಕಾಗದಕ್ಕೆ ಹಾಕಿ ಒಣಗಿಸಿ, ಸಿಲಿಕಾ ಜೆಲ್ ಜೊತೆ ಲಕೋಟೆಯಲ್ಲಿ ಮುಚ್ಚಿ ಬೀರುವಿನಲ್ಲಿಡಿ. ಬ್ಯಾಸಿಲಸ್‌ನ ಬೀಜಕಣಗಳನ್ನೂ ಹಾಗೆಯೇ ಒಣಗಿಸಿಡಬಹುದು. ಅವಕ್ಕೆ ಕರೆಂಟ್ ಬೇಕಿಲ್ಲ.